ಕಲಬುರಗಿಯಲ್ಲಿ ವಾರದ ಲೈಫ್ ಡ್ರಾಯಿಂಗ್: ರೂಪದರ್ಶಿಯನ್ನು ನೋಡಿ ಚಿತ್ರ ಬರೆಯುವ ಕ್ರಮ

ಮೊಬೈಲಿನ ಫೋಟೊ ನೋಡಿ ಮನುಷ್ಯಾಕೃತಿ ಬರೆಯುವವರಿಗೆ ದೇಹದ ಭಾರ ಎಲ್ಲಿ ನಿಂತಿದೆ ಎಂಬುದು ಸುಲಭವಾಗಿ ತಿಳಿಯುವುದಿಲ್ಲ. ಕ್ಯಾಮೆರಾ ಒಂದೇ ಕಣ್ಣಿನಿಂದ ನೋಡುತ್ತದೆ. ಹತ್ತಿರದಿಂದ ತೆಗೆದರೆ ಮುಂದಿರುವ ಕೈ ಹಿಗ್ಗಿ, ಹಿಂದಿರುವ ಕಾಲು ಕುಗ್ಗುತ್ತದೆ. 1916ರಲ್ಲಿ ಈ ಊರಿನಲ್ಲಿ ಹುಟ್ಟಿ, ಮದ್ರಾಸು ಮತ್ತು ಮುಂಬೈಗಳಲ್ಲಿ ಚಿತ್ರಕಲೆ ಕಲಿತ ಎಸ್.ಎಂ. ಪಂಡಿತರ ಪೌರಾಣಿಕ ಚಿತ್ರಗಳಲ್ಲಿ ದೇವತೆಗಳ ಭುಜ, ಕತ್ತು, ಮುಂಗೈಗಳು ನಿಜವಾದ ಸ್ನಾಯುವಿನ ಬಲದಿಂದ ನಿಂತಿರುವುದನ್ನು ನೋಡಿದರೆ, ಕಲ್ಪನೆಯ ಚಿತ್ರಕ್ಕೂ ಮನುಷ್ಯದೇಹದ ಅಭ್ಯಾಸವೇ ತಳಹದಿ ಎಂಬುದು ಸ್ಪಷ್ಟವಾಗುತ್ತದೆ. ಆ ಅಭ್ಯಾಸಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಐದಾರು ಜನ ಕಲಾವಿದರು ಸೇರಿ, ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಎರಡು ಗಂಟೆ ಕೂತರೆ ಸಾಕು.

ಮೊದಲು ರೂಪದರ್ಶಿಯ ವಿಚಾರ. ನಮ್ಮ ಭಾಗದಲ್ಲಿ ಉಡುಪಿನಲ್ಲಿರುವ ರೂಪದರ್ಶಿಯನ್ನೇ ಇಟ್ಟುಕೊಂಡು ಆರಂಭಿಸುವುದು ಸೂಕ್ತ, ಮತ್ತು ಅದರಿಂದ ಕಲಿಕೆಗೆ ಕೊರತೆಯೇನೂ ಆಗುವುದಿಲ್ಲ. ರುಮಾಲು ಸುತ್ತಿ ಧೋತರ ಉಟ್ಟ ಹಿರಿಯರು, ಇಳಕಲ್ ಸೀರೆಯ ತಾಯಂದಿರು, ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರು ಒಬ್ಬೊಬ್ಬರೂ ಬೇರೆ ಬೇರೆ ದೇಹಪಾಠ ಕಲಿಸುತ್ತಾರೆ. ಹವ್ಯಾಸಿ ರಂಗಭೂಮಿಯ ನಟರನ್ನು ಕೇಳಿ ನೋಡುವುದೂ ಒಳ್ಳೆಯದು, ಏಕೆಂದರೆ ನಾಲ್ಕು ಜನರ ಕಣ್ಣೆದುರು ನಿಲ್ಲುವ ರೂಢಿ ಅವರಿಗೆ ಮೊದಲೇ ಇರುತ್ತದೆ. ಎಷ್ಟು ಹೊತ್ತು ಕೂರಬೇಕು, ಯಾವ ಬಟ್ಟೆಯಲ್ಲಿ, ಚಿತ್ರಗಳನ್ನು ಎಲ್ಲಿ ತೋರಿಸಲಾಗುವುದು ಎಂಬುದನ್ನು ಮುಂಚೆಯೇ ಹೇಳಿ ಒಪ್ಪಿಗೆ ಪಡೆಯಬೇಕು. ಅವರು ಅಂದು ಬಿಟ್ಟು ಬಂದ ಕೂಲಿಗಿಂತ ಕಡಿಮೆ ಹಣ ಕೊಡಬಾರದು. ವಿಶ್ರಾಂತಿಯ ಹೊತ್ತನ್ನೂ ದುಡಿಮೆಯ ಹೊತ್ತೆಂದೇ ಎಣಿಸಬೇಕು. ಮಹಿಳೆಯೊಬ್ಬರು ರೂಪದರ್ಶಿಯಾಗಿ ಬರುವುದಾದರೆ ಅವರ ಕಡೆಯವರೊಬ್ಬರು ಜೊತೆಗಿರಲಿ, ಬರೆಯುವವರಲ್ಲಿಯೂ ಮಹಿಳೆಯರಿರಲಿ. ಅಧಿವೇಶನ ನಡೆಯುವಾಗ ಯಾರೂ ಫೋಟೊ ತೆಗೆಯಬಾರದು. ಈ ನಿಯಮವನ್ನು ಒಮ್ಮೆ ಸಡಿಲಿಸಿದರೆ ರೂಪದರ್ಶಿಯ ವಿಶ್ವಾಸ ಮರಳಿ ಬರುವುದಿಲ್ಲ, ಮತ್ತು ವಿಶ್ವಾಸವಿಲ್ಲದ ದೇಹ ಸಹಜವಾದ ಭಂಗಿಯಲ್ಲಿ ಕೂರುವುದೇ ಇಲ್ಲ.

ಜಾಗ ಹುಡುಕುವಾಗ ರೂಪದರ್ಶಿಯಿಂದ ಹತ್ತು ಹನ್ನೆರಡು ಅಡಿ ದೂರ ಕೂರಲು ಅವಕಾಶವಿರುವ ಕೋಣೆಯನ್ನು ಆರಿಸಿ; ಅದಕ್ಕಿಂತ ಹತ್ತಿರ ಕೂತರೆ ತಲೆಯಿಂದ ಪಾದದವರೆಗೆ ಇಡೀ ದೇಹ ಒಂದೇ ನೋಟಕ್ಕೆ ಸಿಗುವುದಿಲ್ಲ. ಮೇಲಿನ ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿ. ನಾಲ್ಕು ಕಡೆಯಿಂದ ಬೆಳಕು ಬಿದ್ದಾಗ ನೆರಳು ಚದುರಿ ದೇಹ ಚಪ್ಪಟೆಯಾಗಿ ಕಾಣುತ್ತದೆ. ಉತ್ತರದ ಕಿಟಕಿಯ ಬೆಳಕು ಹೊತ್ತಿನೊಂದಿಗೆ ಹೆಚ್ಚು ಬದಲಾಗದ ಕಾರಣ ಎಲ್ಲಕ್ಕಿಂತ ಉತ್ತಮ. ಅದಿಲ್ಲದಿದ್ದರೆ ಒಂದು ಪಕ್ಕದಲ್ಲಿ, ತಲೆಗಿಂತ ಎತ್ತರದಲ್ಲಿ ಒಂದೇ ದೀಪ ಇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಮುಗಿಸುವುದು ಕ್ಷೇಮ. ಇದು ಕೇವಲ ಅನುಕೂಲದ ಮಾತಲ್ಲ. ಅಲುಗದೆ ನಿಂತವರ ಮೀನಖಂಡಗಳು ಕೆಲಸ ಮಾಡದ ಕಾರಣ ರಕ್ತ ಕಾಲುಗಳಲ್ಲೇ ತಂಗುತ್ತದೆ, ಸೆಕೆ ರಕ್ತನಾಳಗಳನ್ನು ಇನ್ನಷ್ಟು ಹಿಗ್ಗಿಸುತ್ತದೆ, ಮಿದುಳಿಗೆ ರಕ್ತ ಸಾಲದೆ ತಲೆ ಸುತ್ತುತ್ತದೆ. ಮೊಣಕಾಲುಗಳನ್ನು ಬಿಗಿಹಿಡಿದು ನಿಲ್ಲಬಾರದೆಂದು ಮೊದಲೇ ತಿಳಿಸಿ. ಮುಖ ಬಿಳುಚಿದರೆ, ಆಕಳಿಕೆ ಮೇಲೆ ಆಕಳಿಕೆ ಬಂದರೆ, ತಣ್ಣನೆಯ ಬೆವರು ಕಂಡರೆ ಚಿತ್ರ ಅರ್ಧಕ್ಕಿದ್ದರೂ ನಿಲ್ಲಿಸಿ, ಅವರನ್ನು ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು. ಹಿರಿಯರು ಸಂಕೋಚದಿಂದ ನೋವು ಹೇಳುವುದಿಲ್ಲ. “ಕಾಕಾ, ಕಾಲು ಜೋಮು ಹಿಡದಾವೇನ್ರಿ?” ಎಂದು ನಾವೇ ಕೇಳಬೇಕು.

ಅಧಿವೇಶನವನ್ನು ಚಿಕ್ಕ ಭಂಗಿಗಳಿಂದ ಶುರುಮಾಡಿ. ಮೊದಲು ಒಂದೊಂದು ನಿಮಿಷದ ಹತ್ತು ಭಂಗಿ, ನಂತರ ಐದು ನಿಮಿಷದ ಮೂರು ನಾಲ್ಕು, ಆಮೇಲೆ ಒಂದೇ ದೀರ್ಘ ಭಂಗಿಯನ್ನು ಇಪ್ಪತ್ತು ನಿಮಿಷದ ಕಂತುಗಳಲ್ಲಿ, ನಡುವೆ ಐದು ನಿಮಿಷ ಬಿಡುವು ಕೊಟ್ಟು ಮುಂದುವರಿಸಬಹುದು. ಬಿಡುವಿಗೆ ಮುನ್ನ ಪಾದಗಳ ಸುತ್ತ, ಕೈ ಊರಿದಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದರೆ ಅದೇ ಭಂಗಿಗೆ ಮರಳುವುದು ಸುಲಭ. ಕೈ ಎತ್ತಿದ, ತಿರುಚಿದ ಭಂಗಿಗಳನ್ನು ಒಂದೆರಡು ನಿಮಿಷಕ್ಕೆ ಮಾತ್ರ ಮೀಸಲಿಡಿ. ದೀರ್ಘ ಭಂಗಿ ಯಾವಾಗಲೂ ಒರಗಿ ಅಥವಾ ಕೂತು ಇರಲಿ.

ಒಂದು ನಿಮಿಷದ ಚಿತ್ರದಲ್ಲಿ ಕಣ್ಣು, ಮೂಗು, ಬೆರಳುಗಳಿಗೆ ಜಾಗವಿಲ್ಲ. ಅಗ್ಗದ ನ್ಯೂಸ್‌ಪ್ರಿಂಟ್ ಹಾಳೆಯ ಮೇಲೆ ಇದ್ದಿಲಿನ ಕಡ್ಡಿಯನ್ನು ಅಡ್ಡ ಹಿಡಿದು, ಮಣಿಕಟ್ಟಿನಿಂದಲ್ಲದೆ ಭುಜದಿಂದ ಕೈಯಾಡಿಸಿ, ತಲೆಯಿಂದ ಭಾರ ಹೊತ್ತ ಪಾದದವರೆಗೆ ಹರಿಯುವ ಒಂದೇ ಗೆರೆಯನ್ನು ಹಿಡಿಯಬೇಕು. ನಿಂತವರು ಒಂದೇ ಕಾಲಿನ ಮೇಲೆ ಭಾರ ಹಾಕಿದಾಗ ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಸಾಮಾನ್ಯವಾಗಿ ಕೆಳಗಿಳಿಯುತ್ತದೆ, ಮತ್ತು ಕತ್ತಿನ ಗುಣಿಯಿಂದ ನೇರ ಕೆಳಗೆ ಎಳೆದ ಗೆರೆ ಆ ಪಾದದ ಹತ್ತಿರಕ್ಕೆ ಬರುತ್ತದೆ. ದಾರಕ್ಕೆ ಸಣ್ಣ ಕಲ್ಲು ಕಟ್ಟಿ ಕಣ್ಣೆದುರು ತೂಗುಬಿಟ್ಟು ಇದನ್ನು ಪರೀಕ್ಷಿಸಬಹುದು. ಈ ಒಂದು ಸಂಗತಿ ಸರಿಯಾದರೆ ಚಿತ್ರದ ಮನುಷ್ಯ ನೆಲದ ಮೇಲೆ ನಿಲ್ಲುತ್ತಾನೆ. ತಪ್ಪಿದರೆ ಎಷ್ಟು ನಯವಾದ ನೆರಳು ಹಚ್ಚಿದರೂ ತೇಲುತ್ತಾನೆ. ರೂಪದರ್ಶಿ ಸಿಗದ ವಾರ ನಮ್ಮ ಜಿಲ್ಲೆಯ ಸನ್ನತಿಯ ಕಡೆ ಹೋಗಿ ಬರುವುದು ನನ್ನ ಸಲಹೆ. ಅದರ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ, ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಸೇರಿದಂತೆ, ನಿಂತ ಆಕೃತಿಗಳ ಸೊಂಟ, ಮೊಣಕಾಲುಗಳನ್ನು ಗಮನಿಸಿ ಬರೆಯುವುದು ಒಳ್ಳೆಯ ಅಭ್ಯಾಸ.

ದೀರ್ಘ ಭಂಗಿಯಲ್ಲಿ ಅಳತೆಗೆ ಬರಬೇಕು. ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ತಲೆಯ ಉದ್ದವನ್ನು ಹೆಬ್ಬೆರಳಿನಿಂದ ಗುರುತಿಸಿ, ಉಳಿದ ಭಾಗಗಳನ್ನು ಅದರಿಂದ ಅಳೆಯಿರಿ. ನಿಂತ ವಯಸ್ಕರ ಎತ್ತರ ಸುಮಾರು ಏಳರಿಂದ ಏಳೂವರೆ ತಲೆ. ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತವರದು ಸುಮಾರು ನಾಲ್ಕು. ನೆಲದ ಮೇಲೆ ಕೂರುವುದು ನಮ್ಮ ಜನರಿಗೆ ಸಹಜವಾದುದರಿಂದ ಈ ಭಂಗಿಯನ್ನು ಪದೇಪದೇ ಬರೆಯಬೇಕು, ಮುಂದೆ ಚಾಚಿದ ಮೊಣಕಾಲು ನಮ್ಮ ಕಡೆಗೆ ಬಂದು ಗಿಡ್ಡವಾಗಿ ಕಾಣುವುದನ್ನು ತಿದ್ದದೆ, ಕಂಡಂತೆಯೇ ಬರೆಯಬೇಕು. ಕೈಗೂ ಪಕ್ಕೆಗೂ ನಡುವೆ ಕಾಣುವ ಖಾಲಿ ಜಾಗದ ಆಕಾರವನ್ನು ಮೊದಲು ಬರೆದರೆ ಕೈಯ ಬಾಗು ತಾನಾಗಿ ಸರಿಹೋಗುತ್ತದೆ.

ಬಟ್ಟೆಯ ಮಡಿಕೆಗಳನ್ನು ಎಣಿಸಿ ಬರೆಯಬೇಡಿ. ಬಟ್ಟೆ ಎಲ್ಲಿ ದೇಹಕ್ಕೆ ಅಂಟಿ ಬಿಗಿಯಾಗಿದೆ ಎಂದು ಹುಡುಕಿ: ಭುಜ, ಮೊಣಕಾಲು, ಸೊಂಟದ ಗಂಟು. ಮಡಿಕೆಗಳು ಈ ಬಿಂದುಗಳಿಂದಲೇ ಹೊರಟು ಹರಡುತ್ತವೆ, ಹಾಗಾಗಿ ಧೋತರದ ನಾಲ್ಕೈದು ಮುಖ್ಯ ಮಡಿಕೆಗಳು ಒಳಗಿನ ತೊಡೆಯ ದಿಕ್ಕನ್ನು ಹೇಳಿಬಿಡುತ್ತವೆ.

ಕೊನೆಯಲ್ಲಿ ಹಾಳೆಗಳನ್ನು ಗೋಡೆಗೆ ಒರಗಿಸಿ ಎಲ್ಲರೂ ದೂರದಿಂದ ನೋಡಿ, ರೂಪದರ್ಶಿಯನ್ನೂ ಕರೆದು ತೋರಿಸಿ. ಪ್ರತಿ ಹಾಳೆಯ ಮೂಲೆಯಲ್ಲಿ ದಿನಾಂಕ ಮತ್ತು ಭಂಗಿಯ ನಿಮಿಷಗಳನ್ನು ಬರೆದು, ಇದ್ದಿಲು ಉಜ್ಜಿಹೋಗದಂತೆ ನಡುವೆ ತೆಳು ಕಾಗದ ಹಾಕಿ ಜೋಡಿಸಿಡಿ. ರೂಪದರ್ಶಿಯ ಹಣವನ್ನು ಅವರು ಹೊರಡುವ ಮುನ್ನವೇ ಕೈಗೆ ಕೊಟ್ಟು, ಮುಂದಿನ ವಾರ ಬರಲು ಸಾಧ್ಯವೇ ಎಂದು ಅಲ್ಲಿಯೇ ಕೇಳಿಕೊಳ್ಳಿ.