ಮಂಗಳೂರಲ್ಲಿ ಗೇಮ್ ಮೆಷಿನ್ ಇಡುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ನೋಡಿ

ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಒಂದು ರೂಮ್ ಬಾಡಿಗೆಗೆ ಹಿಡಿದು ನಾಲ್ಕು ಗೇಮ್ ಮೆಷಿನ್ ಇಡುವ ಪ್ಲಾನ್ ಉಂಟಾ? ಹಾಗಾದ್ರೆ ಫಸ್ಟ್ ಇದು ಗೊತ್ತಿರ್ಲಿ, ದುಡ್ಡು ಹಾಕಿ ಅದೃಷ್ಟ ಇದ್ರೆ ದುಡ್ಡು ಬರುವ ಮೆಷಿನಿಗೆ ಕರ್ನಾಟಕದಲ್ಲಿ ಲೈಸೆನ್ಸ್ ಅಂತ ಇಲ್ಲವೇ ಇಲ್ಲ. ಗೋವಾದಲ್ಲಿ ಉಂಟಲ್ಲ ಅಂತ ಕೇಳ್ಬೇಡಿ, ಜೂಜು ರಾಜ್ಯಪಟ್ಟಿಯ ವಿಷಯ, ಅಂದ್ರೆ ಆಯಾ ರಾಜ್ಯವೇ ಕಾನೂನು ಮಾಡುವಂಥದ್ದು, ಅವರು 1976ರ ತಮ್ಮ ಕಾಯ್ದೆಗೆ ಆಮೇಲೆ ತಿದ್ದುಪಡಿ ತಂದು ಫೈವ್ ಸ್ಟಾರ್ ಹೋಟೆಲಲ್ಲಿ ಸ್ಲಾಟ್ ಮೆಷಿನಿಗೆ ದಾರಿ ಮಾಡ್ಕೊಂಡಿದ್ದಾರೆ, ಅದು ಕಾರವಾರದಿಂದ ಆಚೆಗೆ ಮಾತ್ರ.

ನಮ್ಮಲ್ಲಿ ನಡೆಯುದು 1963ರ ಪೊಲೀಸ್ ಕಾಯ್ದೆ. ಜೂಜು ಅಡ್ಡೆ ನಡೆಸಿದವನಿಗೆ ಸೆಕ್ಷನ್ 79, ಒಳಗೆ ಕೂತು ಆಡಿದವನಿಗೆ 80, ಶುದ್ಧ ಕೌಶಲದ ಆಟ ಆದ್ರೆ 176ರಲ್ಲಿ ವಿನಾಯಿತಿ. ಮೆಷಿನ್ ಮಾರುವವರು ಬರುದೇ ಈ 176 ಹಿಡ್ಕೊಂಡು. "ಸ್ಕಿಲ್ ಗೇಮ್ ಸರ್ಟಿಫಿಕೇಟ್ ಉಂಟು ಮಾರಾಯ್ರೆ, ಎಂತ ಆಗುದಿಲ್ಲ" ಅಂತ ಲ್ಯಾಮಿನೇಷನ್ ಮಾಡಿದ ಒಂದು ಪೇಪರ್ ತೋರಿಸ್ತಾರೆ. ಅದು ಲೈಸೆನ್ಸ್ ಅಲ್ಲ. ಕರ್ನಾಟಕದ್ದೇ ವಿಡಿಯೋ ಗೇಮ್ ಪಾರ್ಲರ್ ಕೇಸು, ಎಂ.ಜೆ. ಶಿವಾನಿ ಕೇಸು ಅಂತ, 1995ರಲ್ಲಿ ಸುಪ್ರೀಂ ಕೋರ್ಟಲ್ಲಿ ತೀರ್ಮಾನ ಆಯ್ತು, ಪಾರ್ಲರಿಗೆ ಲೈಸೆನ್ಸ್ ಬೇಕೇ ಬೇಕು ಅಂದ್ರು, ಮೆಷಿನನ್ನು ಒಳಗಿಂದ ತಿರುಚಿ ಆಡುವವನಿಗೆ ಗೆಲ್ಲುವ ಚಾನ್ಸೇ ಇಲ್ಲದ ಹಾಗೆ ಮಾಡುವ ವಿಷಯವೂ ಅದರಲ್ಲಿ ಬಂದಿದೆ.

ಹಾಗಾಗಿ ಪೇಪರ್ ಬಿಡಿ, ಮೆಷಿನ್ ಓಪನ್ ಮಾಡಿಸಿ. ಗೊಂಬೆ ಎತ್ತುವ ಮೆಷಿನ್ ನೋಡಿದ್ರೆ ಪಾಪ, ಮಕ್ಕಳ ಆಟ. ಆದ್ರೆ ಹೆಚ್ಚಿನದ್ರಲ್ಲಿ ಸರ್ವಿಸ್ ಮೆನು, ಅಂದ್ರೆ ಮೆಷಿನಿನ ಸೆಟ್ಟಿಂಗ್ ಒಳಗೆ ಹೋದ್ರೆ ಗೊಂಬೆ ಎತ್ತುವ ಕೊಕ್ಕೆಯ ಹಿಡಿತ ಎಷ್ಟು ಗಟ್ಟಿ ಇರ್ಬೇಕು, ಎಷ್ಟು ಆಟಕ್ಕೊಮ್ಮೆ ಫುಲ್ ಹಿಡಿತ ಸಿಗ್ಬೇಕು ಅಂತ ಸೆಟ್ ಮಾಡ್ಲಿಕ್ಕಾಗ್ತದೆ, ಉಳಿದ ಆಟದಲ್ಲಿ ಗೊಂಬೆ ಅರ್ಧ ಎತ್ತಿ ಅಲ್ಲೇ ಜಾರ್ತದೆ, ನೀವು ಎಷ್ಟೇ ಕರೆಕ್ಟಾಗಿ ನಿಲ್ಲಿಸಿದ್ರೂ. ಇದನ್ನು ಸ್ಕಿಲ್ ಅಂತ ಯಾರ ಮುಂದೆ ಹೇಳ್ತೀರಿ? ಸ್ಕ್ರೀನಲ್ಲಿ ಕಾರ್ಡು, ಹಣ್ಣು ತಿರುಗುವ ಮೆಷಿನಾದ್ರೆ ಮೆನು ನೋಡುದೂ ಬೇಡ, ವಾಪಸ್ ಕಳ್ಸಿ. ಕಾರ್ ರೇಸ್, ಬಾಸ್ಕೆಟ್‌ಬಾಲ್, ಏರ್ ಹಾಕಿ ತರದ್ದು ತಗೊಳ್ಳಿ, ಗೆದ್ದವನ ಕೈಗೆ ಕ್ಯಾಶ್ ಮಾತ್ರ ಕೊಡ್ಲೇಬೇಡಿ, ಪಾಯಿಂಟನ್ನು ಹಿಂದಿನ ಬಾಗಿಲಲ್ಲಿ ದುಡ್ಡು ಮಾಡಿ ಕೊಡುದು ಕೂಡ ಕ್ಯಾಶೇ.

ನೆಟ್ಟಿಗೆ ಕನೆಕ್ಟ್ ಆಗಿ ಆ್ಯಪಲ್ಲಿ ದುಡ್ಡು ಕಟ್ಟಿ ಆಡುವಂಥದ್ದಾದ್ರೆ ಇನ್ನೂ ಕಷ್ಟ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಸ್ಕಿಲ್ ಆದ್ರೂ ಲಕ್ ಆದ್ರೂ ದುಡ್ಡಿನ ಆಟ ಬ್ಯಾನ್.

ಇನ್ನು ಅರ್ಜಿ. ಪೊಲೀಸ್ ಕಾಯ್ದೆಯ ಸೆಕ್ಷನ್ 31ರ ಪ್ರಕಾರ ಮನರಂಜನಾ ಸ್ಥಳದ ಮೇಲೆ ಅಧಿಕಾರ ಇರುದು ಮಂಗಳೂರು ಸಿಟಿಯಲ್ಲಿ ಪೊಲೀಸ್ ಕಮಿಷನರಿಗೆ, ಕಮಿಷನರೇಟ್ ಇಲ್ಲದ ಉಡುಪಿಯಲ್ಲಿ ಡಿಸಿಗೆ, ಅಂದ್ರೆ ಡಿಸಿ ಆಫೀಸು ಇರುವ ಮಣಿಪಾಲದ ರಜತಾದ್ರಿಗೆ ಹೋಗ್ಬೇಕು. ಟ್ರೇಡ್ ಲೈಸೆನ್ಸ್ ಬೇರೆ, ಮಂಗಳೂರಾದ್ರೆ ಲಾಲ್‌ಬಾಗಿನ ಪಾಲಿಕೆ, ಉಡುಪಿ ಮಣಿಪಾಲ ಆದ್ರೆ ನಗರಸಭೆ. ಟ್ರೇಡ್ ಲೈಸೆನ್ಸ್ ಸಿಕ್ಕಿದ ಕೂಡ್ಲೇ ಎಲ್ಲ ಆಯ್ತು ಅಂತ ಶಟರ್ ಎತ್ಬೇಡಿ. ಅರ್ಜಿ ಜೊತೆ ಪ್ರತಿ ಮೆಷಿನಿನ ಫೋಟೋ, ಸೀರಿಯಲ್ ನಂಬರ್, ಆಟದ ವಿವರ ಕೊಟ್ಟು ಸ್ವೀಕೃತಿ ಸೀಲ್ ಹಾಕ್ಸಿಕೊಳ್ಳಿ. ಡೀಲರ್ ಜೊತೆ ಅಗ್ರಿಮೆಂಟ್ ಮಾಡುವಾಗ ಸರ್ವಿಸ್ ಕೀ, ಅಂದ್ರೆ ಮೆಷಿನ್ ಓಪನ್ ಮಾಡುವ ಕೀ, ನಿಮ್ಮ ಹತ್ರವೇ ಇರ್ತದೆ ಅಂತ ಬರೆಸಿ, ಪೊಲೀಸ್ ರೈಡ್ ಆದ ದಿನ ಡೀಲರ್ ಫೋನ್ ಸ್ವಿಚ್ ಆಫ್ ಇರ್ತದೆ, ಕೇಸು ಬೀಳುದು ಅಂಗಡಿ ನಡೆಸುವವನ ಮೇಲೆ.