ವಿಟ್ನಿ ತೋಟ ನೋಡುವಾಗ ದೊಡ್ಡಮನೆಯನ್ನು ಕೊನೆಗಿಟ್ಟುಕೊಳ್ಳಿ

ಗುಲಾಮರು ದುಡಿದಿದ್ದ, ಈಗ ಮ್ಯೂಸಿಯಂ ಆಗಿರುವ ವಿಟ್ನಿ ತೋಟಕ್ಕೆ ಮೊದಲ ಸಲ ಹೋದಾಗ ಕಾರಿನಿಂದ ಇಳಿದವಳೇ ಒಡೆಯರ ದೊಡ್ಡಮನೆಯ ಕಡೆಗೆ ನಡೆದೆ. ಓಕ್ ಮರಗಳ ನೆರಳು, ಕಂಬಗಳ ಜಗಲಿ, ಹತ್ತಾರು ಫೋಟೊ. ಮಿಕ್ಕಿದ್ದನ್ನೆಲ್ಲ ಮುಕ್ಕಾಲು ಗಂಟೆಯಲ್ಲಿ ಓಡೋಡಿ ನೋಡಿದೆ. ನೀವು ಹಾಗೆ ಮಾಡಬೇಡಿ. ಮೂರು ಗಂಟೆ ಬಿಡುವು ಮಾಡಿಕೊಳ್ಳಿ.

ವಿಟ್ನಿ ಇರುವುದು ಅಮೆರಿಕದ ಲೂಸಿಯಾನದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಗೆ. ನ್ಯೂ ಆರ್ಲಿಯನ್ಸ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ತೆರೆದಿರುವ ದಿನಗಳನ್ನು ನೋಡಿಕೊಂಡೇ ಹೊರಡಿ. ಹೆಚ್ಚಿನದೆಲ್ಲ ಬಯಲಿನಲ್ಲಿದೆ, ಹಾಗಾಗಿ ಟೋಪಿ, ನೀರು, ಕೆಸರಿಗೆ ಹೆದರದ ಚಪ್ಪಲಿ ಬೇಕು. 1752ರಲ್ಲಿ ಜರ್ಮನ್ ವಲಸಿಗನೊಬ್ಬ ಆರಂಭಿಸಿದ ಈ ತೋಟದಲ್ಲಿ ಮೊದಲು ಬಣ್ಣ ತೆಗೆಯುವ ನೀಲಿ ಗಿಡ ಬೆಳೆಯುತ್ತಿದ್ದರು, ಆಮೇಲೆ ಕಬ್ಬು. 2014ರಲ್ಲಿ ಗುಲಾಮರ ಬದುಕನ್ನೇ ಹೇಳುವ ಮ್ಯೂಸಿಯಂ ಆಗಿ ತೆರೆಯಿತು. ಅದೇ ನದಿ ದಂಡೆಯ ರಸ್ತೆಯಲ್ಲಿರುವ, ಗುಲಾಮರು ದುಡಿದಿದ್ದ ಬೇರೆ ಕೆಲವು ತೋಟಗಳಲ್ಲಿ ಈಗಲೂ ಮದುವೆಗಳು ನಡೆಯುತ್ತವೆ!

ಚರ್ಚಿನಿಂದ ಶುರುಮಾಡಿ. ಗುಲಾಮಗಿರಿಯಿಂದ ಬಿಡುಗಡೆಯಾದವರು ಬೇರೆಡೆ ಕಟ್ಟಿಕೊಂಡಿದ್ದ ಚರ್ಚ್ ಅದು, ಇಲ್ಲಿಗೆ ತಂದು ನಿಲ್ಲಿಸಿದ್ದಾರೆ. ಒಳಗೆ ಶಿಲ್ಪಿ ವುಡ್ರೋ ನ್ಯಾಶ್ ಮಾಡಿದ ಮಕ್ಕಳ ಪ್ರತಿಮೆಗಳಿವೆ. ಮಕ್ಕಳೇ ಏಕೆ ಎಂದು ನನಗೆ ಮೊದಲು ತಿಳಿಯಲಿಲ್ಲ. 1930ರ ದಶಕದಲ್ಲಿ ಸರ್ಕಾರ ಬರಹಗಾರರನ್ನು ಕಳುಹಿಸಿ ಗುಲಾಮರಾಗಿದ್ದವರ ನೆನಪುಗಳನ್ನು ಬರೆಸಿತು. ಮುಪ್ಪಿನಲ್ಲಿ ಹಾಗೆ ಹೇಳಿಕೆ ಕೊಟ್ಟವರಲ್ಲಿ ಬಹುಪಾಲು ಜನ ಗುಲಾಮಗಿರಿ ಕೊನೆಗೊಂಡಾಗ ಇನ್ನೂ ಮಕ್ಕಳು.

ಹೆಸರುಗಳ ಗೋಡೆಗಳ ಬಳಿ ಆತುರ ಬೇಡ. ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ಹಳೆಯ ದಾಖಲೆಗಳಿಂದ ಹೆಕ್ಕಿ ತೆಗೆದ, ಲೂಸಿಯಾನದಲ್ಲಿ ಗುಲಾಮರಾಗಿದ್ದ 1,07,000 ಜನರ ಹೆಸರುಗಳು ಒಂದು ಕಡೆ ಇವೆ. ಎಲ್ಲವನ್ನೂ ಓದಲಾಗದು. ಒಂದು ಫಲಕ ಆರಿಸಿಕೊಂಡು ಪೂರ್ತಿ ಓದಿ, ಬೆರಳಿಟ್ಟು. ಅಡ್ಡಹೆಸರಿಲ್ಲದ ಒಂಟಿ ಹೆಸರುಗಳೇ ಹೆಚ್ಚು. ಇನ್ನೊಂದು ಸ್ಮಾರಕದಲ್ಲಿ ಈ ತೋಟವಿರುವ ಒಂದೇ ಜಿಲ್ಲೆಯಲ್ಲಿ ಸತ್ತ ಸುಮಾರು 2,200 ಗುಲಾಮ ಶಿಶುಗಳ ಹೆಸರುಗಳಿವೆ. ಜೊತೆಗೆ ಮಕ್ಕಳಿದ್ದರೆ ಅಲ್ಲಿಗೆ ಹೋಗುವ ಮೊದಲೇ ಎರಡು ಮಾತು ಹೇಳಿಡಿ.

ಕಬ್ಬಿಣದ ಕೊಪ್ಪರಿಗೆಗಳನ್ನು ಹೂಕುಂಡಗಳೆಂದುಕೊಂಡು ದಾಟಬೇಡಿ. ಆಲೆಮನೆ ಕಂಡವರಿಗೆ ಬೇಗ ಹೊಳೆಯುತ್ತದೆ: ಕುದಿಯುವ ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಯಿಂದ ಚಿಕ್ಕದಕ್ಕೆ, ಅದರಿಂದ ಇನ್ನೂ ಚಿಕ್ಕದಕ್ಕೆ ಸೌಟಿನಲ್ಲಿ ಮೊಗೆದು ಸುರಿಯಬೇಕಿತ್ತು. ಕಡಿದ ಕಬ್ಬು ಕಾಯುವುದಿಲ್ಲ, ಹೆಪ್ಪುಗಟ್ಟಿಸುವ ಚಳಿ ಬರುವ ಮೊದಲು ಎಲ್ಲ ಮುಗಿಯಬೇಕು. ಹಾಗಾಗಿ ಸುಗ್ಗಿಯಲ್ಲಿ ಹಗಲೂ ರಾತ್ರಿಯೂ ಕೆಲಸ.

ಪ್ರತಿ ಕಟ್ಟಡದ ಮುಂದೆಯೂ ಒಂದು ಪ್ರಶ್ನೆ ಕೇಳಿ: ಇದು ಇಲ್ಲಿಯದೇ, ತಂದದ್ದೇ? ಗುಲಾಮರ ಗುಡಿಸಲುಗಳಲ್ಲಿ ಕೆಲವು ಬೇರೆ ತೋಟದವು. ಉಕ್ಕಿನ ಸೆರೆಮನೆಯೂ ಹೊರಗಿನದು, 1868ರದ್ದು. ಅಂದರೆ ಗುಲಾಮಗಿರಿ ರದ್ದಾಗಿ ಮೂರು ವರ್ಷಗಳಾದ ಮೇಲಿನದು. ನಾನು ಮೊದಲ ಸಲ ಅದನ್ನು ಗುಲಾಮರನ್ನು ಕೂಡಿಹಾಕುತ್ತಿದ್ದ ಪಂಜರವೆಂದೇ ನಂಬಿ ಮನೆಗೆ ಬಂದಿದ್ದೆ.

ಇಷ್ಟಾದ ಮೇಲೆ ದೊಡ್ಡಮನೆಗೆ ಹೋಗಿ. ಹತ್ತು ನಿಮಿಷ ಸಾಕು. ಬೇರೆಯಾಗಿ ಕಟ್ಟಿದ ಅಡುಗೆಮನೆಗೆ ಅದಕ್ಕಿಂತ ಹೆಚ್ಚು ಹೊತ್ತು ಕೊಡಿ.