ಗ್ರಾಫಿಕ್ಸ್ ಕಾರ್ಡಿನ ಬಿಸಿ ನೋಡಿ ತಿರುಗುವ ಕ್ಯಾಬಿನೆಟ್ ಫ್ಯಾನು

ಕಟ್ಟಲಿರುವ ಮನೆಯ ಹೊರನೋಟವನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಮೂಡಿಸುವ (ರೆಂಡರ್) ನಮ್ಮಂಥವರಿಗೆ ಬಳ್ಳಾರಿಯ ಬೇಸಿಗೆ ಗೊತ್ತೇ ಇದೆ. ರಾತ್ರಿ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ವಾಕ್‌ಥ್ರೂ (ಮನೆಯೊಳಗೆ ನಡೆದಾಡಿದಂತೆ ತೋರಿಸುವ ವಿಡಿಯೋ) ರೆಂಡರಿಗೆ ಹಾಕಿ ಮಲಗಿದರೆ ನನ್ನ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು 83 ಡಿಗ್ರಿಗೆ ಏರಿ ತನ್ನ ವೇಗ (ಕ್ಲಾಕ್) ಇಳಿಸಿಕೊಳ್ಳುತ್ತಿತ್ತು. ಆ ಹೊತ್ತಿಗೆ ಸಿಪಿಯುಗೆ ಕೆಲಸವೇ ಇಲ್ಲ, 50 ಡಿಗ್ರಿಯ ಆಸುಪಾಸು. ನನ್ನ ಮದರ್‌ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್ ಬಯೋಸ್, ಸಿಪಿಯು ಬಿಸಿ ನೋಡಿಯೇ ಫ್ಯಾನು ತಿರುಗಿಸುವುದರಿಂದ ಕ್ಯಾಬಿನೆಟ್ ಫ್ಯಾನುಗಳು 600 ಆರ್‌ಪಿಎಂ ದಾಟುತ್ತಿರಲಿಲ್ಲ.

"ಕ್ಯಾಬಿನೆಟ್ ಫ್ಯಾನಿನಿಂದ ಏನಾಗ್ತದ, ಎಸಿ ಹಾಕಿಸ್ರಿ" ಎಂದವರೇ ಎಲ್ಲ. ಎಸಿಗೆ 35 ಸಾವಿರ, ಮೇಲೆ ಕರೆಂಟ್ ಬಿಲ್ಲು. ಮೊದಲು ಎರಡು ಹೊಸ 120 ಎಂಎಂ ಫ್ಯಾನಿಗೆ 1,800ರಷ್ಟು ಸುರಿದೆ. ಅವೂ ಬಯೋಸ್ ಮಾತೇ ಕೇಳಿದವು, ಒಂದು ಡಿಗ್ರಿಯೂ ಇಳಿಯಲಿಲ್ಲ. ಎಲ್ಲವನ್ನೂ ಸದಾ ಫುಲ್ ಸ್ಪೀಡಿಗೆ ಇಟ್ಟೆ. ಬಿಸಿ ಇಳಿಯಿತು, ಆದರೆ ನಮ್ಮ ಕೆಳಗಿನ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ವಾರದೊಳಗೆ ಫಿಲ್ಟರಿನ ಮೇಲೆ ನೀಲಿ ನೂಲಿನ ದೂಳು ಕಂಬಳಿಯಂತೆ ಕೂತು ಗಾಳಿಯೇ ನಿಂತಿತು. ಬೇಕಾದಾಗ ಮಾತ್ರ ಜೋರಾಗಿ ತಿರುಗಬೇಕು ಎನ್ನುವುದು ಅಲ್ಲಿಗೆ ಖಚಿತವಾಯಿತು. ಮದರ್‌ಬೋರ್ಡಿನಲ್ಲಿ ಹೊರಗಿನ ಬಿಸಿ ಅಳೆಯಲೆಂದು ಇರುವ ಟಿ-ಸೆನ್ಸರ್ ಪಿನ್ನಿಗೆ 10ಕೆ ಥರ್ಮಿಸ್ಟರ್ (ಬಿಸಿ ಅಳೆಯುವ ಚಿಕ್ಕ ಬಿಡಿಭಾಗ) ಸಿಕ್ಕಿಸಿ ಕಾರ್ಡಿನ ಬೆನ್ನಿನ ತಗಡಿಗೆ (ಬ್ಯಾಕ್‌ಪ್ಲೇಟ್) ಅಂಟಿಸಿಯೂ ನೋಡಿದೆ. ಖರ್ಚು 30 ರೂಪಾಯಿ ಅಷ್ಟೇ, ಆದರೆ ಚಿಪ್ ಕಾದ ಒಂದೆರಡು ನಿಮಿಷದ ಮೇಲೆ ಅದಕ್ಕೆ ಸುದ್ದಿ ಮುಟ್ಟುತ್ತಿತ್ತು.

ಕೊನೆಗೆ ಕೈ ಹಿಡಿದದ್ದು ಲಿನಕ್ಸಿನಲ್ಲಿ ಬರೆದ ಚಿಕ್ಕ ಸ್ಕ್ರಿಪ್ಟು. ಮೂರು ಸೆಕೆಂಡಿಗೊಮ್ಮೆ ಎನ್‌ವಿಡಿಯಾ-ಎಸ್‌ಎಂಐ ಎಂಬ ಕಮಾಂಡಿನಿಂದ ಕಾರ್ಡಿನ ಬಿಸಿ ಓದಿ, ಬೋರ್ಡಿನ ಫ್ಯಾನ್ ಚಿಪ್ಪಿನ ಎನ್‌ಸಿಟಿ6775 ಡ್ರೈವರ್ ಕೊಡುವ ಪಿಡಬ್ಲ್ಯೂಎಂ (ಫ್ಯಾನಿನ ವೇಗದ) ಫೈಲಿಗೆ 0ಯಿಂದ 255ರೊಳಗಿನ ಅಂಕಿ ಬರೆಯುತ್ತದೆ. ಬಿಸಿ 50 ಡಿಗ್ರಿಯ ಕೆಳಗಿದ್ದರೆ 80ರಷ್ಟು, 75 ಡಿಗ್ರಿಗೆ ಪೂರ್ತಿ 255. ಮೊದಲು ಪಕ್ಕದ ಎನೇಬಲ್ ಫೈಲಿಗೆ 1 (ಅಂದರೆ ಹಿಡಿತ ನಮ್ಮ ಕೈಗೆ) ಬರೆಯದಿದ್ದರೆ ಬೋರ್ಡು ಜಪ್ಪಯ್ಯ ಅಂದರೂ ಕೇಳದು. ಸ್ಕ್ರಿಪ್ಟು ಸತ್ತರೆ ಅದೇ ಫೈಲಿಗೆ 5 ಬರೆದು ಬಯೋಸ್ ಕೈಗೆ ವಾಪಸ್ ಕೊಡುವ ಕೆಲಸ, ಲಿನಕ್ಸಿನಲ್ಲಿ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯದು. ಇಲ್ಲದಿದ್ದರೆ ಫ್ಯಾನು ನಿಧಾನದಲ್ಲೇ ಸಿಕ್ಕಿಕೊಂಡು ಕಾರ್ಡು ಬೇಯುತ್ತದೆ. ಈ ಫೈಲುಗಳು ಇರುವ ಎಚ್‌ಡಬ್ಲ್ಯೂಮಾನ್ (ಲಿನಕ್ಸಿನ ಬಿಸಿ-ಫ್ಯಾನು ಮಾಹಿತಿಯ ಜಾಗ) ಫೋಲ್ಡರಿನ ನಂಬರು ಬೂಟ್ ಆದಾಗ ಬದಲಾಗಬಹುದು, ಚಿಪ್ಪಿನ ಹೆಸರಿನಿಂದಲೇ ಹುಡುಕಿಸಿ. ಫ್ಯಾನಿನ ವೇಗ ಏರುವಾಗ ತಕ್ಷಣ, ಇಳಿಯುವಾಗ ನಿಧಾನ. ಆ ನಿಧಾನದ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ, ತಿಂಗಳುಗಟ್ಟಲೆ ಕೂತು ಹದ ಮಾಡಿದ್ದು.

ಈಗ ಮೇ ತಿಂಗಳ ರಾತ್ರಿಯಲ್ಲೂ ಕಾರ್ಡು 74-75 ಡಿಗ್ರಿ ದಾಟುವುದಿಲ್ಲ. ಒಂಬತ್ತು ತಾಸಿನ ರೆಂಡರ್ ಸುಮಾರು ಅರ್ಧ ತಾಸು ಮೊದಲೇ ಮುಗಿಯುತ್ತದೆ. ಎಸಿ ಇಲ್ಲದೆ ಇದನ್ನು ಸಾಧಿಸಿದ್ದೇನೆ! ನಡುವೆ ಕೊರಿಯರ್ ಡಬ್ಬಿಯ ರಟ್ಟು ಕತ್ತರಿಸಿ, ಮುಂದಿನ ಫ್ಯಾನಿನ ಗಾಳಿ ನೇರ ಕಾರ್ಡಿಗೇ ಹೋಗುವಂತೆ ಕೊಳವೆ ಮಾಡಿದೆ. ಇನ್ನೆರಡು ಡಿಗ್ರಿ ಇಳಿಯಿತು, ಅದನ್ನು ಬಿಚ್ಚಿಲ್ಲ.

ಎಎಂಡಿ ಕಾರ್ಡಿನವರಿಗೆ ಇಷ್ಟೆಲ್ಲ ಬೇಕಿಲ್ಲ. ಅದರ ಡ್ರೈವರ್ ಎಚ್‌ಡಬ್ಲ್ಯೂಮಾನ್‌ನಲ್ಲೇ ಬಿಸಿ ತೋರಿಸುವುದರಿಂದ ಎಲ್‌ಎಂ-ಸೆನ್ಸರ್ಸ್ ಎಂಬ ಲಿನಕ್ಸ್ ಪ್ಯಾಕೇಜಿನ ಫ್ಯಾನ್‌ಕಂಟ್ರೋಲ್ ಸಾಕು. ಅದು ತೋರಿಸುವ ಬಿಸಿಗಳಲ್ಲಿ ಎಡ್ಜ್ (ಚಿಪ್ಪಿನ ಅಂಚು) ಬಿಟ್ಟು ಜಂಕ್ಷನ್ (ಚಿಪ್ಪಿನ ಅತಿ ಬಿಸಿ ಜಾಗ) ಹಿಡಿಯಿರಿ, ಮೊದಲು ಬಿಸಿಯಾಗುವುದು ಅದೇ.